ಪತ್ತನಾಜೆಯ ಗಗನವಿದ್ಯೆ

ಗಗನವಿದ್ಯೆ ಜನಜೀವನದೊಳಗೆ ಬೆರೆತದ್ದು ತುಳುನಾಡಿಗೆ ಹೊಸತಲ್ಲ. ಸೂರ್ಯನ ಮೇಷಸಂಕ್ರಮಣವನ್ನನುಸರಿಸಿ ಬರುವ ಬಿಸುವಿನಿಂದ ವರ್ಷಾರಂಭವನ್ನೆಣಿಸಿ, ಬೇಶ ಮಾಸದ ಹತ್ತನೆಯ ದಿನವಾದ ಪತ್ತನಾಜೆಯಂದು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ, ಬೆಳ್ತಂಗಡಿ ಸೀಮೆಯ ಧರ್ಮಸ್ಥಳ ಮೇಳದ ಯಕ್ಷಗಾನ ಕಲಾವಿದರೂ, ಮಳೆಗಾಲದ ಬೇಸಾಯಕ್ಕೆ ಅಣಿಯಾಗುವ ಬಂಟ್ವಾಳದ ಒಕ್ಕಲುಗಳೂ ಸೌರಮಾನವನ್ನು ಗ್ರಂಥದಿಂದಲ್ಲ, ಬಾಳಿನಿಂದಲೇ ಅರಿತವರು.

ಅರಿವು ಗ್ರಂಥದೊಳಗೇ ಉಳಿದ ಮೂಡಬಿದಿರೆಯ ಕಥೆ ಬೇರೆ. ಸಂಖ್ಯೆಯೊಂದನ್ನು ಎಷ್ಟು ಸಲ ಅರ್ಧಿಸಬಹುದೆಂಬ ‘ಅರ್ಧಚ್ಛೇದ’ದ ಸೂಕ್ಷ್ಮ ಗಣಿತವನ್ನೊಳಗೊಂಡ ಜೈನ ಮುನಿ ವೀರಸೇನಾಚಾರ್ಯರ ಧವಲಾ ಟೀಕೆಯ ತಾಳೆಗರಿಗಳು, ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ದರ್ಶನಕ್ಕಷ್ಟೇ ದೊರೆತಿದ್ದು, ಆ ಗ್ರಂಥದ ಮುದ್ರಣ 1939ರಲ್ಲಿ ಆರಂಭವಾಯಿತು. ಕಾಪಿಟ್ಟವರಿಗೆ ನಾವು ಋಣಿಗಳು. ಆದರೂ ಓದುಗನನ್ನು ಕಾಣದೆ ಕಳೆದ ಆ ಕಾಲಕ್ಕಾಗಿ ಮನಸ್ಸು ಮರುಗುತ್ತದೆ.

ನೆರೆಯ ಪುತ್ತೂರಿನಲ್ಲಿ ನೆಲಸಿದ್ದ ಸಾಹಿತಿ ಶಿವರಾಮ ಕಾರಂತರಾದರೋ 1936ರಲ್ಲಿ ‘ಬಾಲಪ್ರಪಂಚ’ವೆಂಬ ಮಕ್ಕಳ ವಿಶ್ವಕೋಶವನ್ನೂ, 1959ರಿಂದ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನೂ ನೇರವಾಗಿ ಕನ್ನಡಿಗರ ಕೈಗಿತ್ತರು.