ಶ್ರುತಿ ಏರಿದ್ದ ತಟ್ಟೆ

ಜಾಝ್ ಪ್ರಿಯರ ಸಂಗ್ರಹದಲ್ಲಿ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ಇಲ್ಲದಿರುವುದು ಅಪರೂಪ. 1959ರಲ್ಲಿ ಹೊರಬಂದ ಈ ಧ್ವನಿಮುದ್ರಿಕೆಯ ಮೊದಲ ಬದಿ ಮಾತ್ರ 33 ವರ್ಷ ತಪ್ಪು ಶ್ರುತಿಯಲ್ಲೇ ನುಡಿಯಿತು.

ಆ ಬದಿಯ ಮೂರೂ ರಚನೆಗಳು ಮುದ್ರಣಗೊಂಡದ್ದು ಅದೇ ವರ್ಷದ ಮಾರ್ಚ್ 2ರಂದು, ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಸ್ಟುಡಿಯೋದಲ್ಲಿ. ಹಿಂದೆ ಚರ್ಚ್ ಆಗಿದ್ದ ಕಟ್ಟಡವದು. ಅಂದು ಎರಡು ಟೇಪ್ ಯಂತ್ರಗಳು ಒಟ್ಟಿಗೆ ಓಡುತ್ತಿದ್ದವು. ಒಂದು ಮುಖ್ಯ, ಇನ್ನೊಂದು ಆಪತ್ಕಾಲಕ್ಕೆ. ಮುಖ್ಯ ಯಂತ್ರವೇ ತುಸು ನಿಧಾನವಾಗಿತ್ತು. ಹಾಗೆ ಮುದ್ರಿಸಿದ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಸಂಗೀತ ಚುರುಕಾಗುತ್ತದೆ, ಶ್ರುತಿಯೂ ಏರುತ್ತದೆ. ಏರಿದ್ದು ಅರೆಸ್ವರಕ್ಕಿಂತ ಕಡಿಮೆ. ಸುಮ್ಮನೆ ಕೇಳುವವರಿಗೆ ತಿಳಿಯುವಂಥದ್ದಲ್ಲ. ಪೇಚು ತಟ್ಟೆಯೊಡನೆ ನುಡಿಸಿ ಕಲಿಯಹೊರಟವರಿಗೆ. ಪಿಯಾನೊ ತಂಬೂರಿಯಲ್ಲವಲ್ಲ, ಬಿರಡೆ ತಿರುವಿ ಹೊಂದಿಸಿಕೊಳ್ಳಲು!

1992ರಲ್ಲಿ ಮರುಬಿಡುಗಡೆಗಾಗಿ ಎಂಜಿನಿಯರ್ ಮಾರ್ಕ್ ವೈಲ್ಡರ್ ಎರಡನೇ ಯಂತ್ರದ ಟೇಪನ್ನು ಬಳಸಿದರು. ಅದರ ವೇಗ ಸರಿಯಾಗಿತ್ತು. ಆಗ ಬಂದದ್ದು ಸಿ.ಡಿ. ಅದೇ ದಶಕದಲ್ಲಿ ಕ್ಲಾಸಿಕ್ ರೆಕಾರ್ಡ್ಸ್ ಸಂಸ್ಥೆ ವಿನೈಲ್ ತಟ್ಟೆಗಳನ್ನು ತಂದಾಗ ಒಂದು ಜಾಣತನ ಮಾಡಿತು: ಮೊದಲ ತಟ್ಟೆಯಲ್ಲಿ ಹಳೆಯ ವೇಗವನ್ನೇ ಉಳಿಸಿ, ತಿದ್ದಿದ್ದನ್ನು ಇನ್ನೊಂದರಲ್ಲಿ ಕೊಟ್ಟಿತು. ಮೂರು ದಶಕ ಏರಿದ ಶ್ರುತಿಗೇ ಒಗ್ಗಿದ್ದ ಕಿವಿಗಳಿಗೆ ಸರಿಯಾದದ್ದೇ ಜಗ್ಗಿದಂತೆ ಕೇಳಿಸಿದ್ದರೆ ಅಚ್ಚರಿಯಿಲ್ಲ.

ತಿದ್ದುಪಡಿಯನ್ನು ಡೇವಿಸ್ ಕೇಳಲಿಲ್ಲ. 1991ರ ಸೆಪ್ಟೆಂಬರ್‌ನಲ್ಲೇ ತೀರಿಕೊಂಡಿದ್ದ. ಕೋಲ್ಟ್ರೇನ್ 1967ರಲ್ಲಿ, ಬಿಲ್ ಇವಾನ್ಸ್ 1980ರಲ್ಲಿ ಹೋಗಿದ್ದರು. ನುಡಿಸಿದ ಏಳು ಜನರಲ್ಲಿ ಆಗ ಉಳಿದಿದ್ದವನು ಡ್ರಮ್ ವಾದಕ ಜಿಮ್ಮಿ ಕಾಬ್ ಒಬ್ಬನೇ.