ಮೀಟಿಂಗಲ್ಲಿ ಬಾಯಿ ಬಿಡೋದು ಹೇಗೆ? ಪಾಣಿಪತ್ತಿನ ಒಬ್ಬ ಮೇಷ್ಟ್ರ ಕಥೆ

ನೋಯ್ಡಾ, ಗುರುಗ್ರಾಮದಲ್ಲಿ ನಮ್ಮ ಕಡೆಯವರು ಯಾರೇ ಸಿಕ್ಕಲಿ, ಒಂದು ಮಾತು ಬಂದೇ ಬರುತ್ತೆ: "ಕೋಡ್ ಬರೀತೀನಿ, ಮೇಲ್ ಬರೀತೀನಿ, ಮೀಟಿಂಗಲ್ಲಿ ಮಾತ್ರ ಬಾಯೇ ಬರಲ್ಲ." ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದು ಸಣ್ಣ ವಿಷಯ ಅಲ್ಲ. ಕೆಲಸ ಇವರದ್ದು, ಅದನ್ನ ವಿವರಿಸಿ ಹೆಸರು ತಗೊಳ್ಳೋದು ಇನ್ನೊಬ್ಬರು. ಅದಕ್ಕೇ ನಾವು ಏಳೆಂಟು ಜನ ಶನಿವಾರ ರಾತ್ರಿ ವಿಡಿಯೊ ಕಾಲ್‌ನಲ್ಲಿ ಸೇರಿ ಇತಿಹಾಸ, ಭೂಗೋಳ ಇಲ್ಲವೇ ಆ ವಾರದ ಸುದ್ದಿಯ ಬಗ್ಗೆ ಇಂಗ್ಲಿಷಲ್ಲಿ ಮಾತಾಡ್ತೀವಿ. ಇದು ಹೊಸ ಉಪಾಯ ಅಂದ್ಕೊಂಡವರಿಗೆ ಇವತ್ತಿನ ಕಥೆ.

ಡಿಜಿಟಲ್ ಲಾಜಿಕ್ ಓದಿದವರೆಲ್ಲ ಡಿ ಮಾರ್ಗನ್ ನಿಯಮ ಬಿಡಿಸಿದ್ದೀರಿ. ಆ ಡಿ ಮಾರ್ಗನ್, ದಿಲ್ಲಿಯ ಒಬ್ಬ ಮೇಷ್ಟ್ರ ಪುಸ್ತಕವನ್ನ 1859ರಲ್ಲಿ ತಾನೇ ಮುನ್ನುಡಿ ಬರೆದು ಲಂಡನ್ನಿನಲ್ಲಿ ಮತ್ತೆ ಅಚ್ಚು ಹಾಕಿಸಿದ. ಆ ಮೇಷ್ಟ್ರ ಹೆಸರು ರಾಮಚಂದ್ರ. ಹುಟ್ಟಿದ್ದು 1821ರಲ್ಲಿ, ಪಾಣಿಪತ್ತಿನಲ್ಲಿ. ಇವತ್ತಿನ ಲೆಕ್ಕದಲ್ಲಿ ಅದೂ ಎನ್‌ಸಿಆರ್!

ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬಂದು ನವದೆಹಲಿ ಸ್ಟೇಷನ್ನಿನ ಅಜ್ಮೇರಿ ಗೇಟ್ ಕಡೆ ಇಳಿದವರಿಗೆ ಜಾಗ ಗೊತ್ತಿರುತ್ತೆ. ಅಲ್ಲಿದ್ದ ಹಳೇ ಮದರಸಾದಲ್ಲಿ 1825ರಲ್ಲಿ ದೆಹಲಿ ಕಾಲೇಜು ಶುರುವಾಯಿತು; 1828ರಲ್ಲಿ ಇಂಗ್ಲಿಷ್ ತರಗತಿ ಸೇರಿತು. ಒಂದೇ ಸಂಸ್ಥೆ, ಎರಡು ವಿಭಾಗ: ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಅರಬ್ಬಿ, ಪಾರಸಿ, ಸಂಸ್ಕೃತ. ಈ ಎರಡನೇ ವಿಭಾಗದಲ್ಲಿ ಗಣಿತ, ವಿಜ್ಞಾನ, ಭೂಗೋಳವನ್ನೆಲ್ಲ ಉರ್ದುವಿನಲ್ಲಿ ಕಲಿಸ್ತಿದ್ದರು. ಅದಕ್ಕೆ ಬೇಕಾದ ಪಠ್ಯಗಳನ್ನ ಇಂಗ್ಲಿಷಿನಿಂದ ಅನುವಾದ ಮಾಡಿಸೋಕೆ ಒಂದು ಸಂಘವೇ ಇತ್ತು.

ರಾಮಚಂದ್ರರಿಗೆ ಚಿಕ್ಕಂದಿನಲ್ಲೇ ತಂದೆ ಹೋದರು. 1833ರಲ್ಲಿ ದಿಲ್ಲಿಯ ಇಂಗ್ಲಿಷ್ ಶಾಲೆ ಸೇರಿದರು. ಅಲ್ಲಿ ಗಣಿತ ಕಲಿಸೋರಿರಲಿಲ್ಲ. ಮನೆಯಲ್ಲೇ ಪುಸ್ತಕ ಹಿಡಿದು ಕಲಿತರು. ನಡುವೆ ಗುಮಾಸ್ತಗಿರಿ ಮಾಡಿ, ವಿದ್ಯಾರ್ಥಿವೇತನ ಸಿಕ್ಕಮೇಲೆ ಮತ್ತೆ ಓದಿಗೆ ಬಂದರು. 1844ರಲ್ಲಿ ಅದೇ ಕಾಲೇಜಿನಲ್ಲಿ ಯೂರೋಪಿನ ವಿಜ್ಞಾನವನ್ನ ಉರ್ದುವಿನಲ್ಲಿ ಹೇಳಿಕೊಡೋ ಮೇಷ್ಟ್ರಾದರು.

ಆಗ ನಡೆದದ್ದನ್ನ ಅವರೇ ಬರೆದಿದ್ದಾರೆ. ಭೂಮಿ ವಿಶ್ವದ ನಡುವೆ ಅಲುಗಾಡದೆ ನಿಂತಿದೆ ಅನ್ನೋ ಹಳೇ ವಾದಕ್ಕೆ ಎರಡೂ ವಿಭಾಗದ ಹುಡುಗರು ನಗೋಕೆ ಶುರು ಮಾಡಿದರು; ಊರಿನ ಪಂಡಿತರಿಗೆ ಇದು ಹಿಡಿಸಲಿಲ್ಲ. ಇಂಗ್ಲಿಷ್ ಓದಿದವರು, ಓದದವರು, ಇಬ್ಬರಿಗೂ ವಿಷಯ ತಲುಪಿತ್ತು. ಮೇಷ್ಟ್ರು ವಿದ್ಯಾರ್ಥಿಗಳನ್ನ ಕಟ್ಟಿಕೊಂಡು ಒಂದು ಸಂಘ ಮಾಡಿ, 1845ರಲ್ಲಿ 'ಫವಾಯಿದುಲ್ ನಾಜಿರೀನ್' ಅನ್ನೋ ಉರ್ದು ಪತ್ರಿಕೆ ತಂದರು. ಅದಕ್ಕೆ ಎರಡು ವರ್ಷ ಮುಂಚೆ, 1843ರಲ್ಲಿ, ನಮ್ಮ ಮಂಗಳೂರಲ್ಲಿ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಶುರು ಮಾಡಿದ್ದ. ಹೊರಗಿನ ಲೋಕದ ಸುದ್ದಿ ನಮ್ಮ ಭಾಷೆಗಳಲ್ಲಿ ಅಚ್ಚಾಗತೊಡಗಿದ ಕಾಲ ಅದು.

ಹೊಟ್ಟೆಪಾಡಿನ ಒತ್ತಡ ಆಗಲೂ ಇತ್ತು. ಸರ್ಕಾರಿ ನೌಕರಿಗೆ ಇಂಗ್ಲಿಷ್ ಓದಿದವರಿಗೆ ಆದ್ಯತೆ ಅಂತ 1844ರಲ್ಲಿ ಹಾರ್ಡಿಂಜ್ ಆದೇಶ ಹೊರಡಿಸಿದ. ಆದರೆ ರಾಮಚಂದ್ರರನ್ನ ಲಂಡನ್‌ವರೆಗೆ ಮುಟ್ಟಿಸಿದ್ದು ಬರೀ ಇಂಗ್ಲಿಷ್ ಅಲ್ಲ. ಗರಿಷ್ಠ–ಕನಿಷ್ಠದ ಲೆಕ್ಕಗಳನ್ನ ಕ್ಯಾಲ್ಕುಲಸ್ ಇಲ್ಲದೆ ಬೀಜಗಣಿತದಿಂದಲೇ ಬಿಡಿಸೋ ದಾರಿ ಅವರ ಹತ್ತಿರ ಇತ್ತು. 1850ರಲ್ಲಿ ಅದನ್ನ ಇಂಗ್ಲಿಷಲ್ಲಿ ಬರೆದು, ಸ್ವಂತ ದುಡ್ಡಲ್ಲಿ ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಿದರು. ಅಲ್ಲಿನವರು ಟೀಕೆ ಮಾಡಿದರು. ಪ್ರತಿ ಕೈಸೇರಿದ ಡಿ ಮಾರ್ಗನ್ ಮೆಚ್ಚಿಕೊಂಡ; ಕಂಪನಿ ಸರ್ಕಾರದಿಂದ ಖಿಲ್ಲತ್ತು, 2000 ರೂಪಾಯಿ ಬಹುಮಾನ ಬಂತು.

1857ರ ದಂಗೆಯಲ್ಲಿ ಕಾಲೇಜು ಲೂಟಿಯಾಯಿತು, ಪ್ರಿನ್ಸಿಪಾಲ್ ಟೇಲರ್ ಸತ್ತ. ಕ್ರೈಸ್ತರಾಗಿದ್ದ ರಾಮಚಂದ್ರ ಜೀವ ಉಳಿಸಿಕೊಂಡು ಊರು ಬಿಟ್ಟರು. ಮುಂದೆ ಸ್ವಲ್ಪ ಕಾಲ ರೂರ್ಕಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಅಂದ್ರೆ ಈಗಿನ ಐಐಟಿಯಲ್ಲಿ, ಕಲಿಸಿದರು.

ನನಗೆ ಕಾಣೋದು ಇಷ್ಟು: ಹೇಳೋಕೆ ವಿಷಯ ಇದ್ದವನಿಗೆ ಭಾಷೆ ಬೇಗ ಒಲಿಯುತ್ತೆ. ನಮ್ಮ ಶನಿವಾರದ ನಿಯಮವೂ ಅದೇ. ಮೊದಲು ವಿಷಯವನ್ನ ಕನ್ನಡದಲ್ಲಿ ಓದಿ ಅರಗಿಸ್ಕೋಬೇಕು, ಮ್ಯಾಪ್ ತೆಗೆದು ನೋಡಬೇಕು, ಆಮೇಲೆ ಇಂಗ್ಲಿಷಲ್ಲಿ ಹತ್ತು ನಿಮಿಷ ಮಾತು. ನಡುವೆ ಯಾರೂ ವ್ಯಾಕರಣ ತಿದ್ದೋ ಹಾಗಿಲ್ಲ, ಪ್ರಶ್ನೆ ಕೇಳಬಹುದು.

ಒಮ್ಮೆ ವಿಷಯ ಪಾಣಿಪತ್ತೇ ಆಗಿತ್ತು: 1526, 1556, 1761, ಮೂರು ಯುದ್ಧ ಒಂದೇ ಊರಲ್ಲಿ ಯಾಕೆ? ಕೊಪ್ಪಳ ಕಡೆಯ ಹುಡುಗನೊಬ್ಬ, ಆಫೀಸಲ್ಲಿ ಮ್ಯೂಟ್ ತೆಗೆಯದವನು, ಪಂಜಾಬಿನಿಂದ ದಿಲ್ಲಿಗೆ ಬರೋ ದಾರಿ, ಪಕ್ಕದ ಯಮುನೆ, ಸುತ್ತಲಿನ ಬಯಲು ಎಲ್ಲ ತೋರಿಸಿದ. 1761ರಲ್ಲಿ ಅಬ್ದಾಲಿ ಮರಾಠರ ಸರಬರಾಜು ತಡೆದು, ಪಾಳೆಯ ಹಸಿವಿಗೆ ಸಿಕ್ಕಿದ್ದನ್ನ ನಮ್ಮ ಪೈಪ್‌ಲೈನ್ ಕೆಟ್ಟು ಡಿಪ್ಲಾಯ್‌ಮೆಂಟ್ ನಿಂತ ಹಾಗೆ ಅಂತ ವಿವರಿಸಿದ. ಟೆನ್ಸ್ ಅಲ್ಲಲ್ಲಿ ತಪ್ಪಿತು, ವಾದ ಎಲ್ಲೂ ತಪ್ಪಲಿಲ್ಲ.

ಇಂಗ್ಲಿಷಿಗಾಗಿ ಕನ್ನಡವನ್ನ ಬದಿಗಿಡಬೇಕಿಲ್ಲ ಸ್ನೇಹಿತರೇ. ವಿಷಯ ಗಟ್ಟಿಯಾಗೋದು ಅಲ್ಲೇ. ಈ ಶನಿವಾರ ನೀವೂ ನಾಲ್ಕು ಜನ ಸೇರಿ, ನಿಮ್ಮೂರಿನ ಕೋಟೆಯನ್ನೋ ಕೆರೆಯನ್ನೋ ಇಂಗ್ಲಿಷಲ್ಲಿ ವಿವರಿಸಿ ನೋಡಿ. ಮುಂದಿನ ವಿಡಿಯೊದಲ್ಲಿ ಸಿಗೋಣ.