ಮಕ್ಕಳು ಮತ್ತು ಹದಿಹರೆಯದವರಲ್ಲಿ ಸೈಬರ್ ಕಿರುಕುಳ

ಸೈಬರ್ ಕಿರುಕುಳವು ಮೊಬೈಲ್ ಫೋನ್, ಕಂಪ್ಯೂಟರ್ ಮತ್ತು ಅಂತರಜಾಲವನ್ನು ಬಳಸಿ ಒಬ್ಬ ವ್ಯಕ್ತಿಯನ್ನು ಬೇಕೆಂದೇ ಅವಮಾನಿಸುವ, ಹೆದರಿಸುವ ಅಥವಾ ಒಂಟಿಯಾಗಿಸುವ ವರ್ತನೆಯಾಗಿದೆ. ಮಕ್ಕಳ ವಿಷಯದಲ್ಲಿ ಇದು ಸಹಪಾಠಿಗಳು ಮತ್ತು ಪರಿಚಿತರಿಂದಲೂ, ಗುರುತು ಮರೆಸಿಕೊಂಡ ಅಪರಿಚಿತರಿಂದಲೂ ನಡೆಯಬಹುದು. ಭಾರತದ ಯಾವ ಕಾಯಿದೆಯೂ ಸೈಬರ್ ಕಿರುಕುಳವನ್ನು ಆ ಹೆಸರಿನಿಂದ ಪ್ರತ್ಯೇಕ ಅಪರಾಧವೆಂದು ಗುರುತಿಸಿಲ್ಲ. ಅದರ ಗಂಭೀರ ರೂಪಗಳು ಮಾಹಿತಿ ತಂತ್ರಜ್ಞಾನ ಕಾಯಿದೆ, ಪೋಕ್ಸೊ ಕಾಯಿದೆ ಮತ್ತು ಭಾರತೀಯ ನ್ಯಾಯ ಸಂಹಿತೆಯ ವ್ಯಾಪ್ತಿಗೆ ಬರುತ್ತವೆ. ಉಳಿದವನ್ನು ಮನೆ ಮತ್ತು ಶಾಲೆಗಳೇ ನಿಭಾಯಿಸಬೇಕಾಗುತ್ತದೆ. ಆದುದರಿಂದ ನೊಂದ ಮಗು ಮೊದಲು ಯಾರ ಬಳಿ ಹೇಳಿಕೊಳ್ಳುತ್ತದೆ, ಹೇಳಿಕೊಂಡಾಗ ಆ ಹಿರಿಯರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ತಡೆ ಮತ್ತು ಪರಿಹಾರಗಳೆರಡಕ್ಕೂ ಮುಖ್ಯವಾಗಿದೆ.

ವ್ಯಾಖ್ಯೆ

ಶಾಲಾ ಮಕ್ಕಳಲ್ಲಿನ ಕಿರುಕುಳದ ವೈಜ್ಞಾನಿಕ ಅಧ್ಯಯನವನ್ನು 1970ರ ದಶಕದಲ್ಲಿ ಸ್ಕ್ಯಾಂಡಿನೇವಿಯಾದಲ್ಲಿ ಆರಂಭಿಸಿದವರಲ್ಲಿ ಮನೋವಿಜ್ಞಾನಿ ಡಾನ್ ಓಲ್ವೇಯಸ್ ಪ್ರಮುಖರು. ಅವರು ಕಿರುಕುಳಕ್ಕೆ ಮೂರು ಲಕ್ಷಣಗಳನ್ನು ಹೇಳಿದ್ದಾರೆ: ನೋಯಿಸುವ ಉದ್ದೇಶ, ಪುನರಾವರ್ತನೆ ಮತ್ತು ಬಲದ ಅಸಮತೋಲನ. ಸಮಬಲರಾದ ಇಬ್ಬರು ಗೆಳೆಯರ ಜಗಳವು ಈ ಅರ್ಥದಲ್ಲಿ ಕಿರುಕುಳವಾಗುವುದಿಲ್ಲ.

ಅಂತರಜಾಲದಲ್ಲಿ ಈ ಲಕ್ಷಣಗಳು ತುಸು ಬೇರೆಯಾಗಿ ಕಾಣಿಸಿಕೊಳ್ಳುತ್ತವೆ. ಒಮ್ಮೆ ಹಾಕಿದ ಚಿತ್ರವನ್ನು ನೂರು ಜನ ಹಂಚಿಕೊಂಡರೆ ಪುನರಾವರ್ತನೆಯು ತಾನಾಗಿಯೇ ಆಗುತ್ತದೆ. ದೈಹಿಕವಾಗಿ ದುರ್ಬಲನಾದವನೂ ನಕಲಿ ಖಾತೆಯ ಮರೆಯಲ್ಲಿ ಬಲಶಾಲಿಯಾಗುತ್ತಾನೆ. ಶಾಲೆಯ ಅಂಗಳದ ಕಿರುಕುಳ ಸಂಜೆಯ ಗಂಟೆಯೊಂದಿಗೆ ನಿಲ್ಲಬಹುದು. ಫೋನಿನ ಮೂಲಕ ಬರುವುದು ಮನೆಯೊಳಕ್ಕೂ ರಾತ್ರಿಯೊಳಕ್ಕೂ ಹಿಂಬಾಲಿಸುತ್ತದೆ.

ಸ್ವರೂಪಗಳು

ಸೈಬರ್ ಕಿರುಕುಳದ ಸಾಮಾನ್ಯ ರೂಪಗಳು ಇವು:

• ಮೈಬಣ್ಣ, ದೇಹ, ಜಾತಿ, ಬಡತನ, ಮಾತಿನ ಶೈಲಿ ಅಥವಾ ಪರೀಕ್ಷೆಯ ಅಂಕಗಳನ್ನು ಹಿಡಿದು ಹೀಯಾಳಿಸುವ ಸಂದೇಶಗಳು
• ಒಬ್ಬರನ್ನು ಅಣಕಿಸಲೆಂದೇ ವಾಟ್ಸ್‌ಆ್ಯಪ್ ಗ್ರೂಪ್ ರಚಿಸುವುದು, ಅಥವಾ ತರಗತಿಯ ಗ್ರೂಪ್‌ನಿಂದ ಒಬ್ಬರನ್ನೇ ಹೊರಗಿಡುವುದು
• ಇನ್ನೊಬ್ಬರ ಹೆಸರು ಮತ್ತು ಭಾವಚಿತ್ರ ಬಳಸಿ ನಕಲಿ ಖಾತೆ ತೆರೆಯುವುದು
• ಗುಟ್ಟಾಗಿ ಹೇಳಿದ ಮಾತು, ಖಾಸಗಿ ಚಿತ್ರ ಅಥವಾ ಫೋನ್ ಸಂಖ್ಯೆಯನ್ನು ಬಹಿರಂಗಪಡಿಸುವುದು
• ಭಾವಚಿತ್ರವನ್ನು ತಿರುಚುವುದು, ಕೃತಕ ಬುದ್ಧಿಮತ್ತೆಯ ನೆರವಿನಿಂದ ಅಶ್ಲೀಲ ಡೀಪ್‌ಫೇಕ್ ಸೃಷ್ಟಿಸುವುದು
• ಚಿತ್ರವನ್ನು ಎಲ್ಲರಿಗೂ ಕಳುಹಿಸುವುದಾಗಿ ಬೆದರಿಸಿ ಹಣ ಅಥವಾ ಇನ್ನಷ್ಟು ಚಿತ್ರಗಳನ್ನು ಕೇಳುವುದು

ಕೊನೆಯ ಎರಡು ರೂಪಗಳು ಸ್ಪಷ್ಟವಾಗಿ ಅಪರಾಧಗಳು. ಅವನ್ನು ಮಕ್ಕಳಾಟವೆಂದು ಶಾಲೆಯ ಮಟ್ಟದಲ್ಲಿಯೇ ಮುಗಿಸುವಂತಿಲ್ಲ.

ವ್ಯಾಪ್ತಿ ಮತ್ತು ಪರಿಣಾಮಗಳು

ಯುನಿಸೆಫ್ 2019ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ, 30 ದೇಶಗಳ 13ರಿಂದ 24 ವರ್ಷದ 1,70,000ಕ್ಕೂ ಹೆಚ್ಚು ಯುವಜನರು ಉತ್ತರಿಸಿದ ಅಭಿಪ್ರಾಯ ಸಂಗ್ರಹದಲ್ಲಿ, ಮೂವರಲ್ಲಿ ಒಬ್ಬರು ತಾವು ಅಂತರಜಾಲದಲ್ಲಿ ಕಿರುಕುಳ ಅನುಭವಿಸಿದ್ದಾಗಿ ಹೇಳಿದ್ದರು. ಐವರಲ್ಲಿ ಒಬ್ಬರು ಕಿರುಕುಳದ ಕಾರಣದಿಂದ ಶಾಲೆ ತಪ್ಪಿಸಿದ್ದಾಗಿ ತಿಳಿಸಿದ್ದರು.

ನಿದ್ರಾಹೀನತೆ, ಹಸಿವಿಲ್ಲದಿರುವುದು, ಕಾರಣವಿಲ್ಲದ ತಲೆನೋವು ಅಥವಾ ಹೊಟ್ಟೆನೋವು, ಓದಿನಲ್ಲಿ ಹಿನ್ನಡೆ, ಶಾಲೆಗೆ ಹೋಗಲು ಹಿಂಜರಿಕೆ, ಫೋನ್ ಸದ್ದಾದೊಡನೆ ಬೆಚ್ಚುವುದು ಮತ್ತು ಪರದೆಯನ್ನು ಮರೆಮಾಡುವುದು ಗಮನಿಸಬೇಕಾದ ಲಕ್ಷಣಗಳಾಗಿವೆ. ತೀವ್ರ ಸಂದರ್ಭಗಳಲ್ಲಿ ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆಗಳೂ ಮೂಡಬಹುದು. ಮಗು ಸಾವಿನ ಮಾತನಾಡಿದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ, ಒಂಟಿಯಾಗಿ ಬಿಡದೆ, ಕೂಡಲೇ ವೈದ್ಯಕೀಯ ನೆರವು ಪಡೆಯಬೇಕು.

ಗ್ರಾಮೀಣ ಕರ್ನಾಟಕದ ಸಂದರ್ಭ

2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ಪಾಠಗಳು ಫೋನಿಗೆ ಬಂದವು. ಕರ್ನಾಟಕದ ಶಿಕ್ಷಣ ಇಲಾಖೆ ಅದೇ ವರ್ಷ ಆರಂಭಿಸಿದ ವಿದ್ಯಾಗಮ ಕಾರ್ಯಕ್ರಮವು ಫೋನ್ ಇಲ್ಲದ ಮಕ್ಕಳನ್ನೂ ತಲುಪಲು ಯತ್ನಿಸಿತು. ಆದರೂ ಆ ಅವಧಿಯಲ್ಲಿ ಹಳ್ಳಿಗಳ ಅನೇಕ ಮಕ್ಕಳ ಕೈಗೆ ಮೊದಲ ಬಾರಿಗೆ ಸ್ಮಾರ್ಟ್‌ಫೋನ್ ಬಂದಿತು. ಶಾಲೆಗಳು ತೆರೆದ ಮೇಲೂ ತರಗತಿಯ ವಾಟ್ಸ್‌ಆ್ಯಪ್ ಗ್ರೂಪ್‌ಗಳು ಉಳಿದುಕೊಂಡವು. ಎನ್‌ಸಿಇಆರ್‌ಟಿ ಮತ್ತು ಯುನೆಸ್ಕೊ 2020ರ ಮೇ ತಿಂಗಳಿನಲ್ಲಿ ಸುರಕ್ಷಿತ ಆನ್‌ಲೈನ್ ಕಲಿಕೆಯ ಬಗ್ಗೆ ಹೊರತಂದ ಕೈಪಿಡಿಯು ಸೈಬರ್ ಕಿರುಕುಳವನ್ನು ಮುಖ್ಯ ವಿಷಯವಾಗಿ ಚರ್ಚಿಸಿದೆ.

ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಗುಡಗೇರಿಯಂತಹ ಊರುಗಳಲ್ಲಿ ಸಮಸ್ಯೆಯ ಸ್ವರೂಪವು ನಗರದಲ್ಲಿರುವಂತೆಯೇ ಇರುವುದಿಲ್ಲ. ಅನೇಕ ಮನೆಗಳಲ್ಲಿ ಒಂದೇ ಫೋನನ್ನು ಹಲವರು ಬಳಸುತ್ತಾರೆ. ಸಿಮ್ ತಂದೆಯ ಹೆಸರಿನಲ್ಲಿ, ಖಾತೆ ಅಣ್ಣನ ಹೆಸರಿನಲ್ಲಿ ಇರಬಹುದು. ತಂಗಿಗೆ ಬಂದ ಕೆಟ್ಟ ಸಂದೇಶವನ್ನು ಮನೆಯವರು ಮೊದಲು ನೋಡಿ ಅವಳನ್ನೇ ಪ್ರಶ್ನಿಸುವುದು ಇದರಿಂದ ಸಾಧ್ಯವಾಗುತ್ತದೆ. ಸುಗ್ಗಿ ಮತ್ತು ಹತ್ತಿ ಬಿಡಿಸುವ ದಿನಗಳಲ್ಲಿ ಹಿರಿಯರು ಹೊಲದಲ್ಲಿರುವಾಗ ಮಕ್ಕಳ ಫೋನ್ ಬಳಕೆಯ ಮೇಲೆ ಗಮನವಿಡುವುದೂ ಕಷ್ಟ.

ಇನ್ನೊಂದು ವ್ಯತ್ಯಾಸವು ಊರಿನ ಗಾತ್ರಕ್ಕೆ ಸಂಬಂಧಿಸಿದ್ದು. ನಗರದಲ್ಲಿ ಒಂದು ಚಿತ್ರವನ್ನು ನೋಡಿದವರು ಅಪರಿಚಿತರಾಗಿರಬಹುದು. ಹಳ್ಳಿಯಲ್ಲಿ ಅದನ್ನು ನೋಡಿದವರೇ ಬಸ್ ನಿಲ್ದಾಣದಲ್ಲಿ, ಜಾತ್ರೆಯಲ್ಲಿ, ಹಿಟ್ಟಿನ ಗಿರಣಿಯ ಮುಂದೆ ಎದುರಾಗುತ್ತಾರೆ. ಹುಬ್ಬಳ್ಳಿ, ಕುಂದಗೋಳ ಅಥವಾ ಲಕ್ಷ್ಮೇಶ್ವರದ ಕಾಲೇಜಿಗೆ ನಿತ್ಯ ಪ್ರಯಾಣ ಮಾಡುವ ಹುಡುಗಿಗೆ ಇದರ ಬೆಲೆ ಇನ್ನೂ ಹೆಚ್ಚು. ಮನೆಗೆ ಗೊತ್ತಾದರೆ ಫೋನ್ ಕಸಿದುಕೊಳ್ಳುತ್ತಾರೆ, ಓದು ಬಿಡಿಸುತ್ತಾರೆ, ಬೇಗ ಮದುವೆ ಮಾಡುತ್ತಾರೆ ಎಂಬ ಭಯವು ಬಾಯಿ ಮುಚ್ಚಿಸುತ್ತದೆ. ಬೆದರಿಸುವವನಿಗೆ ಈ ಭಯದ ಅರಿವಿರುತ್ತದೆ. ಅದೇ ಅವನ ಬಲವಾಗುತ್ತದೆ. ಸಂತ್ರಸ್ತ ಮಗುವಿಗೇ ಶಿಕ್ಷೆ ಕೊಡುವ ಮನೆಯು ತಿಳಿಯದೆಯೇ ಆ ಬಲವನ್ನು ಹೆಚ್ಚಿಸುತ್ತದೆ.

ಕಾನೂನು

ಮಾಹಿತಿ ತಂತ್ರಜ್ಞಾನ ಕಾಯಿದೆ, 2000: ಆಕ್ಷೇಪಾರ್ಹ ಸಂದೇಶ ಕಳುಹಿಸುವುದನ್ನು ಶಿಕ್ಷಾರ್ಹಗೊಳಿಸಿದ್ದ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ, ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ರದ್ದುಗೊಳಿಸಿತು. ಹೀಗಾಗಿ ಈ ಕಾಯಿದೆಯಡಿ ಬರಿಯ ಹೀಯಾಳಿಕೆಗೆ ಮೊಕದ್ದಮೆ ಹೂಡಲಾಗದು. ಗುರುತಿನ ಕಳವು (66ಸಿ), ಕಂಪ್ಯೂಟರ್ ಬಳಸಿ ಸೋಗು ಹಾಕಿ ವಂಚಿಸುವುದು (66ಡಿ), ಖಾಸಗಿತನದ ಉಲ್ಲಂಘನೆ (66ಇ) ಮತ್ತು ಅಶ್ಲೀಲ ವಿಷಯದ ಪ್ರಸಾರ (67) ಅಪರಾಧಗಳಾಗಿಯೇ ಉಳಿದಿವೆ. ಮಕ್ಕಳನ್ನು ಲೈಂಗಿಕವಾಗಿ ಚಿತ್ರಿಸುವ ವಿಷಯಕ್ಕೆ 67ಬಿ ಕಲಮಿನಡಿ ಮೊದಲ ಬಾರಿಗೆ 5 ವರ್ಷಗಳವರೆಗೆ ಸೆರೆವಾಸ ಮತ್ತು 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. 78ನೇ ಕಲಮಿನ ಪ್ರಕಾರ ಈ ಅಪರಾಧಗಳ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನ ಅಧಿಕಾರಿ ನಡೆಸುವಂತಿಲ್ಲ.

ಪೋಕ್ಸೊ ಕಾಯಿದೆ, 2012: ಲೈಂಗಿಕ ಉದ್ದೇಶದಿಂದ ಮಗುವನ್ನು ವಿದ್ಯುನ್ಮಾನ ಮಾಧ್ಯಮದ ಮೂಲಕ ಪದೇ ಪದೇ ಸಂಪರ್ಕಿಸುವುದು 11ನೇ ಕಲಮಿನ ಪ್ರಕಾರ ಲೈಂಗಿಕ ಕಿರುಕುಳ. ಇದಕ್ಕೆ 3 ವರ್ಷಗಳವರೆಗೆ ಶಿಕ್ಷೆಯಿದೆ. ಅಪರಾಧದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು 19ನೇ ಕಲಮಿನಡಿ ಕಡ್ಡಾಯ. ಸಂಸ್ಥೆಯ ಹೆಸರು ಕೆಡುತ್ತದೆಂದು ಮುಚ್ಚಿಡುವ ಮುಖ್ಯಸ್ಥರೂ ಶಿಕ್ಷೆಗೆ ಒಳಗಾಗುತ್ತಾರೆ.

ಭಾರತೀಯ ನ್ಯಾಯ ಸಂಹಿತೆ, 2023: 2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಸಂಹಿತೆಯ 78ನೇ ಕಲಮು ಮಹಿಳೆಯನ್ನು ಅಂತರಜಾಲದಲ್ಲಿ ಹಿಂಬಾಲಿಸುವುದನ್ನೂ, 351ನೇ ಕಲಮು ಅನಾಮಧೇಯ ಬೆದರಿಕೆಯೂ ಸೇರಿದಂತೆ ಅಪರಾಧಿಕ ಬೆದರಿಕೆಯನ್ನೂ ಶಿಕ್ಷಾರ್ಹಗೊಳಿಸುತ್ತವೆ.

ಬಾಲ ನ್ಯಾಯ ಕಾಯಿದೆ, 2015: ಕಿರುಕುಳ ನೀಡಿದವರು 18 ವರ್ಷದೊಳಗಿನವರಾದರೆ ಪ್ರಕರಣವು ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ಇಬ್ಬರು ಮಕ್ಕಳ ಗುರುತನ್ನೂ ಮಾಧ್ಯಮಗಳಲ್ಲಿ ಬಹಿರಂಗಪಡಿಸುವಂತಿಲ್ಲ.

ಕಿರುಕುಳ ನಡೆದಾಗ ಕೈಗೊಳ್ಳಬೇಕಾದ ಕ್ರಮಗಳು

ಮೊದಲ ಕೆಲಸ ಕೇಳಿಸಿಕೊಳ್ಳುವುದು. ಮಾತು ಮುಗಿಯುವವರೆಗೆ ಮಗುವನ್ನು ಗದರಿಸಬಾರದು, ಫೋನನ್ನು ಶಿಕ್ಷೆಯಾಗಿ ಕಸಿದುಕೊಳ್ಳಬಾರದು. ಮಗು ತಾನೇ ಚಿತ್ರ ಕಳುಹಿಸಿದ್ದರೂ ಅದನ್ನು ಹರಡಿದವರ ಹೊಣೆ ಕಡಿಮೆಯಾಗುವುದಿಲ್ಲ.

ಎರಡನೆಯದು ಸಾಕ್ಷ್ಯ. ಸಂದೇಶಗಳನ್ನು ಅಳಿಸುವ ಮೊದಲು ದಿನಾಂಕ, ಸಮಯ, ಕಳುಹಿಸಿದವರ ಸಂಖ್ಯೆ ಮತ್ತು ಖಾತೆಯ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಬೇಕು. ಖಾತೆಯ ಕೊಂಡಿಯನ್ನು ಬರೆದಿಟ್ಟುಕೊಳ್ಳಬೇಕು. ಮಗುವಿನ ನಗ್ನ ಅಥವಾ ಲೈಂಗಿಕ ಚಿತ್ರವಿದ್ದರೆ ಮಾತ್ರ ಈ ಕ್ರಮ ಸಲ್ಲದು. ಅಂತಹ ಚಿತ್ರವನ್ನು ಸಾಕ್ಷ್ಯಕ್ಕೆಂದು ಶಿಕ್ಷಕರಿಗೋ ಬಂಧುಗಳಿಗೋ ಕಳುಹಿಸುವುದೂ ಅಪರಾಧವಾಗಬಹುದು. ಹಂಚುವ ಉದ್ದೇಶದಿಂದ ಅದನ್ನು ಅಳಿಸದೆ, ವರದಿ ಮಾಡದೆ ಇಟ್ಟುಕೊಳ್ಳುವುದೂ ಪೋಕ್ಸೊ ಕಾಯಿದೆಯ 15ನೇ ಕಲಮಿನಡಿ ಶಿಕ್ಷಾರ್ಹವೆಂಬುದನ್ನು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ವಿವರಿಸಿದೆ. ಇಂತಹ ಸಂದರ್ಭದಲ್ಲಿ ಕೊಂಡಿಯನ್ನಷ್ಟೇ ಬರೆದುಕೊಂಡು ಫೋನನ್ನು ಪೊಲೀಸರಿಗೆ ತೋರಿಸುವುದು ಸರಿಯಾದ ಮಾರ್ಗ.

ಮೂರನೆಯದು ತಡೆ. ಕೆರಳಿ ಉತ್ತರಿಸದೆ ಖಾತೆಯನ್ನು ಬ್ಲಾಕ್ ಮಾಡಿ, ಆ್ಯಪ್‌ನಲ್ಲಿಯೇ ರಿಪೋರ್ಟ್ ಮಾಡಬೇಕು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಸಾಮಾಜಿಕ ಜಾಲತಾಣಗಳಿಗೆ ಕುಂದುಕೊರತೆ ಅಧಿಕಾರಿಯನ್ನು ಕಡ್ಡಾಯಗೊಳಿಸಿದವು. ನಗ್ನತೆ ಅಥವಾ ತಿರುಚಿದ ಚಿತ್ರದ ಕುರಿತು ದೂರು ಬಂದರೆ 24 ಗಂಟೆಗಳೊಳಗೆ ಕ್ರಮ ಕೈಗೊಳ್ಳಬೇಕೆಂದು ಅವು ಜಾರಿಯಾದಾಗಲೇ ವಿಧಿಸಿದ್ದವು. 18 ವರ್ಷದೊಳಗಿನವರ ಚಿತ್ರಗಳಿಗೆ ‘ಟೇಕ್ ಇಟ್ ಡೌನ್’ ಎಂಬ ಅಂತರರಾಷ್ಟ್ರೀಯ ಉಚಿತ ಸೇವೆಯಿದೆ. ಅದು ಚಿತ್ರವನ್ನು ಪಡೆಯದೆ, ಚಿತ್ರದ ಡಿಜಿಟಲ್ ಬೆರಳಚ್ಚಿನಂತಹ ಸಂಕೇತವನ್ನಷ್ಟೇ ಜಾಲತಾಣಗಳಿಗೆ ನೀಡಿ ಹರಡುವಿಕೆಯನ್ನು ತಡೆಯಲು ನೆರವಾಗುತ್ತದೆ. ಬೆದರಿಸಿ ಹಣ ಕೇಳಿದರೆ ಕೊಡಬಾರದು. ಒಮ್ಮೆ ಕೊಟ್ಟರೆ ಬೇಡಿಕೆ ಬೆಳೆಯುತ್ತ ಹೋಗುತ್ತದೆ.

ನಾಲ್ಕನೆಯದು ದೂರು. ಭಾರತದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆಯು 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಬಳಿಕ ಕರ್ನಾಟಕದ ಜಿಲ್ಲೆಗಳಲ್ಲಿಯೂ ಸೈಬರ್, ಆರ್ಥಿಕ ಮತ್ತು ಮಾದಕದ್ರವ್ಯ ಅಪರಾಧಗಳಿಗೆ ಸಿಇಎನ್ ಠಾಣೆಗಳು ಸ್ಥಾಪನೆಯಾದವು. ಹಳ್ಳಿಯ ಪೋಷಕರು ಜಿಲ್ಲಾ ಕೇಂದ್ರಕ್ಕೇ ಹೋಗಬೇಕೆಂದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಗಂಭೀರ ಅಪರಾಧದ ಮಾಹಿತಿಯನ್ನು, ಅದು ಎಲ್ಲಿಯೇ ನಡೆದಿರಲಿ, ಹತ್ತಿರದ ಯಾವ ಠಾಣೆಯಲ್ಲಾದರೂ ನೀಡಬಹುದು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಮಕ್ಕಳ ಮತ್ತು ಮಹಿಳೆಯರ ಅಶ್ಲೀಲ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ದೂರು ಸಲ್ಲಿಸುವ ಅವಕಾಶವಿದೆ.

ಶಾಲೆಯ ಪಾತ್ರ

ಅಪರಾಧದ ಮಟ್ಟಕ್ಕೆ ಏರದ ಪ್ರಕರಣಗಳಲ್ಲಿ ಶಾಲೆಯೇ ಮುಖ್ಯ ವೇದಿಕೆ. ಎರಡೂ ಕಡೆಯ ಮಕ್ಕಳನ್ನು ಎದುರುಬದುರು ನಿಲ್ಲಿಸಿ ಎಲ್ಲರ ಮುಂದೆ ವಿಚಾರಿಸುವ ಕ್ರಮವು ನೊಂದ ಮಗುವಿಗೆ ಎರಡನೆಯ ಅವಮಾನವಾಗುತ್ತದೆ. ಪ್ರತ್ಯೇಕವಾಗಿ ಮಾತನಾಡಿಸಿ, ಪೋಷಕರಿಗೆ ತಿಳಿಸಿ, ನಡೆದುದನ್ನು ದಾಖಲಿಸಿ, ಕೆಲವು ವಾರಗಳವರೆಗೆ ಗಮನವಿಡುವುದು ಸೂಕ್ತ. ಕಿರುಕುಳ ನೀಡಿದ ಮಗುವು ತನ್ನ ಕೃತ್ಯದ ಪರಿಣಾಮವನ್ನು ಅರಿಯುವಂತೆ ಮಾಡಬೇಕು. ಹಾಕಿದ್ದನ್ನು ತೆಗೆಸಿ, ತಪ್ಪನ್ನು ಸರಿಪಡಿಸುವ ಹೊಣೆಯನ್ನು ಅದಕ್ಕೆ ಒಪ್ಪಿಸಬೇಕು. ಹೊಡೆತ ಮತ್ತು ಮಾನಸಿಕ ಹಿಂಸೆಯನ್ನು 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ನಿಷೇಧಿಸಿದೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹಾಗೂ ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಗಳು ಈ ವಿಷಯವನ್ನು ಯಾರ ಹೆಸರನ್ನೂ ಎತ್ತದೆ ಚರ್ಚಿಸಲು ಸಿದ್ಧವಾಗಿರುವ ವೇದಿಕೆಗಳಾಗಿವೆ.

ತಡೆಗಟ್ಟುವಿಕೆ

• ಮಗುವಿಗೆ ಫೋನ್ ಕೊಡುವ ದಿನವೇ ಬಳಕೆಯ ಸಮಯ ಮತ್ತು ಸ್ಥಳದ ಬಗ್ಗೆ ಮನೆಯಲ್ಲಿ ಒಪ್ಪಂದವಿರಬೇಕು. ‘ಏನಾದರೂ ಆದರೆ ಹೇಳು, ಬೈಯುವುದಿಲ್ಲ’ ಎಂಬ ಭರವಸೆಯೂ ಅದರಲ್ಲಿ ಸೇರಿರಬೇಕು.
• ಖಾತೆಯನ್ನು ಖಾಸಗಿಯಾಗಿಡುವುದು, ಎರಡು ಹಂತದ ದೃಢೀಕರಣ ಅಳವಡಿಸುವುದು, ಪಾಸ್‌ವರ್ಡ್ ಮತ್ತು ಒಟಿಪಿಯನ್ನು ಗೆಳೆಯರಿಗೂ ಕೊಡದಿರುವುದು ಮೂಲಭೂತ ಎಚ್ಚರಿಕೆಗಳು.
• ಹಂಚಿಕೆಯ ಫೋನಿನಲ್ಲಿ ಬಳಕೆಯ ನಂತರ ಖಾತೆಯಿಂದ ಹೊರಬರುವುದನ್ನು ರೂಢಿಸಬೇಕು.
• ನೋಡುಗರೂ ಹೊಣೆಗಾರರು. ಫಾರ್ವರ್ಡ್ ಮಾಡದಿರುವುದು, ನಗುವ ಚಿಹ್ನೆ ಹಾಕದಿರುವುದು, ನೊಂದವರಿಗೆ ಪ್ರತ್ಯೇಕವಾಗಿ ಒಂದು ಸಾಂತ್ವನದ ಮಾತು ಕಳುಹಿಸುವುದು ಯಾವ ವಿದ್ಯಾರ್ಥಿಯಾದರೂ ಮಾಡಬಹುದಾದ ಕೆಲಸಗಳು.

ವಯೋಮಿತಿಯ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವೊಂದು 2023ರ ಸೆಪ್ಟೆಂಬರ್‌ನಲ್ಲಿ ಸಾಮಾಜಿಕ ಜಾಲತಾಣ ಬಳಕೆಗೆ ವಯೋಮಿತಿ ಇರಬೇಕೆಂದು ಮೌಖಿಕವಾಗಿ ಅಭಿಪ್ರಾಯಪಟ್ಟಿತ್ತು. ಆಸ್ಟ್ರೇಲಿಯಾವು 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದುವುದನ್ನು ನಿರ್ಬಂಧಿಸಿದೆ. ನಿರ್ಬಂಧವು ಮಕ್ಕಳನ್ನು ರಕ್ಷಿಸುತ್ತದೆ ಎಂಬುದು ಒಂದು ವಾದ. ಕದ್ದುಮುಚ್ಚಿ ಬಳಸುವ ಮಗುವು ತೊಂದರೆಗೆ ಸಿಲುಕಿದಾಗ ಹೇಳಿಕೊಳ್ಳಲು ಇನ್ನಷ್ಟು ಅಂಜುತ್ತದೆ ಎಂಬುದು ಪ್ರತಿವಾದ.

ಯುನೆಸ್ಕೊ ಪ್ರತಿ ವರ್ಷ ನವೆಂಬರ್ ತಿಂಗಳ ಮೊದಲ ಗುರುವಾರವನ್ನು, ಸೈಬರ್ ಕಿರುಕುಳವೂ ಸೇರಿದಂತೆ ಶಾಲೆಗಳಲ್ಲಿನ ಹಿಂಸೆ ಮತ್ತು ಕಿರುಕುಳದ ವಿರುದ್ಧದ ಅಂತರರಾಷ್ಟ್ರೀಯ ದಿನವಾಗಿ 2020ರಿಂದ ಆಚರಿಸುತ್ತಿದೆ.

ನೆರವಿನ ವ್ಯವಸ್ಥೆಗಳು

• 1098: ಮಕ್ಕಳ ಸಹಾಯವಾಣಿ, ದಿನದ 24 ಗಂಟೆ, ಮಗು ತಾನೇ ಕರೆ ಮಾಡಬಹುದು
• 112: ತುರ್ತು ಪೊಲೀಸ್ ನೆರವು
• 1930: ಸೈಬರ್ ಅಪರಾಧ ಸಹಾಯವಾಣಿ, ವಿಶೇಷವಾಗಿ ಹಣ ಕಳೆದುಕೊಂಡಾಗ
• 14416: ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಆರಂಭವಾದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ
• ಧಾರವಾಡದ ಡಿಮ್ಹಾನ್ಸ್: ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ
• ಬೆಂಗಳೂರಿನ ನಿಮ್ಹಾನ್ಸ್‌ನ ಶಟ್ ಕ್ಲಿನಿಕ್: ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ 2014ರಲ್ಲಿ ಆರಂಭವಾದ ಸೇವೆ
• ಸ್ನೇಹ ಕ್ಲಿನಿಕ್: ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಇರುವ ಆಪ್ತಸಮಾಲೋಚನಾ ಕೇಂದ್ರ
• ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಮತ್ತು ಮಕ್ಕಳ ಕಲ್ಯಾಣ ಸಮಿತಿ: ರಕ್ಷಣೆ ಮತ್ತು ಪುನರ್ವಸತಿಯ ಅಗತ್ಯವಿರುವ ಮಕ್ಕಳಿಗಾಗಿ